ಕೀಲಿ ಯಾರ ಕೈಯಲ್ಲಿ? ಹಾರ್ಡ್‌ವೇರ್ ವ್ಯಾಲೆಟ್ ಕುರಿತು ಒಂದು ಪಾಠ



ಅಡಿಕೆ-ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಬಿಟ್‌ಕಾಯಿನ್ನಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನೋ ಮಗಳೋ ಸಂಬಳದಲ್ಲಿ ಉಳಿಸಿದ್ದನ್ನು, ಒಮ್ಮೊಮ್ಮೆ ಮನೆಯಿಂದ ಹೋದ ಅಡಿಕೆಯ ಹಣವನ್ನೂ, ಇಂಥ ನಾಣ್ಯಗಳಲ್ಲಿ ತೊಡಗಿಸುವುದು ಈಗ ಶಿಕಾರಿಪುರ, ಸೊರಬದ ಹಳ್ಳಿಗಳಿಗೂ ಹೊಸ ಸುದ್ದಿಯಲ್ಲ. ಅದರಲ್ಲಿ ಹಣ ಹಾಕಿರೆಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಬೆಳೆಸಾಲ ತೀರಿಸಬೇಕಾದ ಹಣವನ್ನು ಅದರಲ್ಲಿ ಹಾಕಲೇಕೂಡದು. ಈಗಾಗಲೇ ಹಾಕಿರುವವರ ಸ್ವತ್ತು ಕಳವಾಗದಂತೆ, ಹಾಕಿದವರು ತೀರಿಕೊಂಡ ಮೇಲೆ ಮಣ್ಣುಪಾಲಾಗದಂತೆ ಕಾಯುವ ವಿಧಾನ ತಿಳಿಸುವುದಷ್ಟೇ ಇಲ್ಲಿನ ಉದ್ದೇಶ.

1. ನಾಣ್ಯ ಇರುವುದೆಲ್ಲಿ?

ಬಿಟ್‌ಕಾಯಿನ್ ಆರಂಭವಾದದ್ದು 2009ರ ಜನವರಿಯಲ್ಲಿ. ಇದಕ್ಕೆ ನೋಟಿಲ್ಲ, ಟಂಕಸಾಲೆಯಿಲ್ಲ. ಇರುವುದು ಒಂದು ಖಾತೆ ಪುಸ್ತಕ ಮಾತ್ರ. ಸಂಘದ ಲೆಡ್ಜರು ಕಾರ್ಯದರ್ಶಿಯವರ ಬೀರುವಿನಲ್ಲಿರುತ್ತದೆ. ಈ ಪುಸ್ತಕದ ಪ್ರತಿಗಳಾದರೋ ಲೋಕದ ಸಾವಿರಾರು ಗಣಕಯಂತ್ರಗಳಲ್ಲಿರುತ್ತವೆ. ಅದರಲ್ಲಿ ನಮ್ಮ ಹೆಸರಿರುವುದಿಲ್ಲ. ಒಂದು ವಿಳಾಸ, ಅದರ ಮುಂದೆ ಒಂದು ಮೊಬಲಗು, ಇಷ್ಟೇ. ಆ ಮೊಬಲಗನ್ನು ಬೇರೆಡೆಗೆ ಕಳಿಸಲು ಅದಕ್ಕೆ ಸಂಬಂಧಿಸಿದ ಗುಪ್ತ ಸಂಖ್ಯೆ ಬೇಕು. ಇದನ್ನೇ ಕೀಲಿ ಎನ್ನೋಣ. ಕೀಲಿ ಬಲ್ಲವನೇ ಒಡೆಯ. ಕದ್ದವನಿಗೂ ಅದು ತೆರೆಯುತ್ತದೆ. ಕಳೆದುಕೊಂಡ ನಿಜ ಮಾಲೀಕನಿಗೆ ತೆರೆಯುವುದಿಲ್ಲ.

2. ಮಂಡಿಯೋ, ಮನೆಯೋ?

ರಾಶಿ, ಬೆಟ್ಟೆ, ಗೊರಬಲು ಯಾವುದೇ ಇರಲಿ, ಅಡಿಕೆಯನ್ನು ಮಂಡಿಯಲ್ಲಿ ಇಟ್ಟರೆ ಮಾಲು ಅಲ್ಲಿ, ಚೀಟಿ ನಮ್ಮಲ್ಲಿ. ಕ್ರಿಪ್ಟೋ ವಿನಿಮಯ ಕಂಪನಿಗಳಲ್ಲಿಯೂ ಹಾಗೆಯೇ. ನಾಣ್ಯದ ಕೀಲಿ ಕಂಪನಿಯ ಬಳಿ ಇರುತ್ತದೆ. ನಮ್ಮ ಮೊಬೈಲಿನಲ್ಲಿ ಕಾಣುವುದು ಅವರ ಪುಸ್ತಕದ ಅಂಕಿ. ವ್ಯತ್ಯಾಸ ರಕ್ಷಣೆಯಲ್ಲಿದೆ. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ವಿಮೆಗೆ ಒಳಪಟ್ಟ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಬ್ಯಾಂಕಿನ ಲಾಕರು ಬೆಂಕಿ, ಕಳವಿಗೆ ತುತ್ತಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ ಎಂದು ರಿಸರ್ವ್ ಬ್ಯಾಂಕು 2021ರಲ್ಲಿ ವಿಧಿಸಿತು. ಕ್ರಿಪ್ಟೋ ನಾಣ್ಯಕ್ಕೆ ಈ ಎರಡರ ನೆರಳೂ ಇಲ್ಲ.

ನಡೆದ ಸಂಗತಿಗಳನ್ನು ನೋಡಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಕಂಪನಿಯಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಸುಮಾರು 2000 ಕೋಟಿ ರೂಪಾಯಿ ಮೌಲ್ಯದ ನಾಣ್ಯ ಕಳುವಾಯಿತು. ಗಿರಾಕಿಗಳು ತಮ್ಮ ಸ್ವತ್ತಿಗಾಗಿ ಒಂದು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಮರುವರ್ಷ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕಂಪನಿ ಸುಮಾರು 4.4 ಕೋಟಿ ಡಾಲರ್ ಕಳೆದುಕೊಂಡಿತು. ನಷ್ಟ ಗಿರಾಕಿಗಳದ್ದಲ್ಲ, ತನ್ನದೇ ಎಂದು ಕಂಪನಿ ತಿಳಿಸಿತು. ಬೆಂಗಳೂರು ಪೊಲೀಸರು ಅದರ ಒಬ್ಬ ನೌಕರನನ್ನು ಬಂಧಿಸಿದರು. ಆತನ ಲ್ಯಾಪ್‌ಟಾಪಿನ ಮೂಲಕ ಕಳ್ಳರು ಒಳಹೊಕ್ಕರೆಂಬುದು ಆರೋಪ. ಆದ್ದರಿಂದಲೇ, ದೊಡ್ಡ ಮೊಬಲಗು ಇದ್ದವರು ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಮಾರ್ಗ ಹುಡುಕುತ್ತಾರೆ. ಆ ಮಾರ್ಗವೇ ಹಾರ್ಡ್‌ವೇರ್ ವ್ಯಾಲೆಟ್.

3. ಯಂತ್ರ ಮಾಡುವ ಕೆಲಸ

ನೋಡಲು ಪೆನ್‌ಡ್ರೈವಿನಷ್ಟು ಚಿಕ್ಕ ಯಂತ್ರ. ಒಂದು ಪುಟ್ಟ ಪರದೆ, ಒಂದೆರಡು ಗುಂಡಿ. ಚೆಕ್ ದೇಶದ ಟ್ರೆಜರ್ 2014ರಲ್ಲಿ ಮಾರುಕಟ್ಟೆಗೆ ಬಂತು. ಫ್ರಾನ್ಸಿನ ಲೆಡ್ಜರ್ ಇನ್ನೊಂದು ಹೆಸರಾದ ತಯಾರಿಕೆ. ಇದರೊಳಗೆ ನಾಣ್ಯವಿಲ್ಲ, ಕೀಲಿ ಮಾತ್ರ ಇದೆ ಎಂಬುದನ್ನು ಚೆನ್ನಾಗಿ ಮನಗಾಣಬೇಕು.

ಮೊಬೈಲು ಅಥವಾ ಗಣಕಯಂತ್ರವು ಸದಾ ಅಂತರಜಾಲದಲ್ಲಿರುವುದರಿಂದ ಸಂತೆಬೀದಿಯ ಮನೆಯಿದ್ದಂತೆ, ಯಾರು ಯಾವಾಗ ನುಗ್ಗುತ್ತಾರೋ ತಿಳಿಯದು. ಅಲ್ಲಿ ಕೀಲಿ ಇಡುವುದು ಸಲ್ಲದು. ಹಣ ಕಳಿಸುವಾಗ ಮೊಬೈಲಿನಲ್ಲಿ ಬೇಡಿಕೆ ಸಿದ್ಧಪಡಿಸಿ ಯಂತ್ರಕ್ಕೆ ಕಳಿಸುತ್ತೇವೆ. ಯಂತ್ರವು ಎಷ್ಟು ಹಣ, ಯಾವ ವಿಳಾಸಕ್ಕೆ ಎಂಬುದನ್ನು ತನ್ನ ಪರದೆಯಲ್ಲಿ ತೋರಿಸುತ್ತದೆ. ನಾವು ಗುಂಡಿ ಒತ್ತಿದರೆ ಒಳಗೇ ರುಜು ಹಾಕಿ, ಆ ರುಜುವನ್ನು ಮಾತ್ರ ಹೊರಗೆ ಕೊಡುತ್ತದೆ. ಕೀಲಿ ಹೊರಗೆ ಬರುವುದೇ ಇಲ್ಲ. ಚೆಕ್ಕು ಹೊರಗೆ ಹೋದರೂ ರುಜು ಹಾಕುವ ಕೈ ಮನೆಯಲ್ಲೇ ಉಳಿದಂತೆ.

ಆದರೆ ಓದದೆ ರುಜು ಹಾಕಿದರೆ ಯಂತ್ರವೂ ಕಾಯಲಾರದು. ವಜೀರ್‌ಎಕ್ಸ್ ಪ್ರಕರಣದಲ್ಲಿ ರುಜುದಾರರು ಹಾರ್ಡ್‌ವೇರ್ ವ್ಯಾಲೆಟ್ ಬಳಸಿಯೇ ಇದ್ದರು. ಗಣಕಯಂತ್ರದ ಪರದೆಯಲ್ಲಿ ಕಂಡದ್ದೇ ಒಂದು, ರುಜುವಾದದ್ದೇ ಇನ್ನೊಂದು ಎಂದು ಕಂಪನಿ ಹೇಳಿತು. ಕೋರಾ ಪ್ರೋನೋಟಿಗೆ ಹೆಬ್ಬೆಟ್ಟು ಒತ್ತಿದರೆ ಏನಾಗುತ್ತದೆಂದು ನಮ್ಮ ಹಿರಿಯರಿಗೆ ಗೊತ್ತು, ಇದೂ ಅದೇ.

4. ಬೀಜಪದಗಳು

ಯಂತ್ರ ಕೆಟ್ಟರೆ ಅಥವಾ ಬಾವಿಗೆ ಬಿದ್ದರೆ ಗತಿಯೇನು? ಮೊದಲ ಸಲ ಚಾಲೂ ಮಾಡಿದಾಗ ಯಂತ್ರವು 12 ಅಥವಾ 24 ಇಂಗ್ಲಿಷ್ ಪದಗಳನ್ನು ಕ್ರಮವಾಗಿ ತೋರಿಸುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ 20. ಇವನ್ನು ಬೀಜಪದ ಎನ್ನಬಹುದು. 2013ರಲ್ಲಿ ರೂಪಿಸಿದ ಪದ್ಧತಿಯಂತೆ 12 ಅಥವಾ 24 ಪದ ಕೊಡುವ ಯಂತ್ರಗಳು 2048 ಪದಗಳ ಒಂದು ಪಟ್ಟಿಯಿಂದ ಅವನ್ನು ಆರಿಸುತ್ತವೆ. ಪದಗಳೂ ಅವುಗಳ ಕ್ರಮವೂ ಇದ್ದರೆ, ಅದೇ ಪದ್ಧತಿಯ ಬೇರೊಂದು ಯಂತ್ರದಲ್ಲಿ ಎಲ್ಲವನ್ನೂ ಮರಳಿ ಪಡೆಯಬಹುದು. ಮರ ಗಾಳಿಗೆ ಉರುಳಿದರೂ ಬೀಜದ ಗೋಟು ಉಳಿದಂತೆ. ಆದರೆ ಬೀಜ ಕಂಡವನೂ ಅದೇ ಮರ ಎಬ್ಬಿಸಬಲ್ಲ. ಆದ್ದರಿಂದ ಯಂತ್ರಕ್ಕಿಂತ ಈ ಪದಗಳನ್ನೇ ಹೆಚ್ಚು ಜೋಪಾನ ಮಾಡಬೇಕು.

ಈ ಪದ್ಧತಿಯಲ್ಲಿ ಕನ್ನಡ ಪದಗಳ ಪಟ್ಟಿಯಿಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಮುಂದೆ ಕಾಗುಣಿತದ ಗೊಂದಲವಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲೇ, ಕ್ರಮಸಂಖ್ಯೆ ಹಾಕಿ ಬರೆಯತಕ್ಕದ್ದು.

ಎಲ್ಲಿ ಬರೆಯಬೇಕು? ಕಾಗದ ನಮ್ಮ ಸೀಮೆಗೆ ನಂಬಿಕೆಯದಲ್ಲ. ಜಡಿಮಳೆ ಹಿಡಿದರೆ ಪೆಟ್ಟಿಗೆಯಲ್ಲಿದ್ದ ಪತ್ರಕ್ಕೂ ಬೂಸ್ಟು, ಉಳಿದದ್ದು ಗೆದ್ದಲಿಗೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕದಂಬರ ಸ್ತಂಭಶಾಸನವನ್ನು ಐದನೆಯ ಶತಮಾನದಲ್ಲಿ ಕಲ್ಲಿನಲ್ಲಿ ಕೊರೆದದ್ದರಿಂದ ನಾವು ಇಂದಿಗೂ ಓದುತ್ತೇವೆ. ಅದೇ ಬುದ್ಧಿಯಿಂದ ತುಕ್ಕು ಹಿಡಿಯದ ಉಕ್ಕಿನ ತಗಡಿನ ಮೇಲೆ ಅಕ್ಷರದ ಅಚ್ಚಿನಿಂದ ಸ್ವತಃ ಬಡಿದು ಮೂಡಿಸುವುದು ಲೇಸು. ಪಟ್ಟಿಯ ಪ್ರತಿ ಇಂಗ್ಲಿಷ್ ಪದವನ್ನೂ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದಾದ್ದರಿಂದ ಅಷ್ಟೇ ಮೂಡಿಸಿದರೂ ಸಾಕು. ಹೆಸರು ಕೊರೆಯುವ ಅಂಗಡಿಗೆ ಕೊಟ್ಟು ಮಾಡಿಸಕೂಡದು.

5. ಪಾಲಿಸತಕ್ಕ ನಿಯಮಗಳು

(ಅ) ಯಂತ್ರವನ್ನು ತಯಾರಕರಿಂದ ಅಥವಾ ಅವರು ಹೆಸರಿಸಿದ ಮಾರಾಟಗಾರರಿಂದಲೇ ಕೊಳ್ಳಿ. ಬಳಸಿದ ಯಂತ್ರ ಬೇಡ. ಪದಗಳನ್ನು ಮೊದಲೇ ಬರೆದಿಟ್ಟ ಚೀಟಿಯೊಡನೆ ಬಂದ ಯಂತ್ರ ಮೋಸದ್ದೆಂದು ತಿಳಿಯಿರಿ.

(ಆ) 2020ರಲ್ಲಿ ಲೆಡ್ಜರ್ ಕಂಪನಿಯ ಗಿರಾಕಿಗಳ ವಿಳಾಸಗಳು ಹೊರಬಿದ್ದವು. 2021ರಲ್ಲಿ ಅಂಥ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಯಂತ್ರಗಳು ಬಂದವು. ಕೇಳದೆ ಬಂದದ್ದನ್ನು ಬಳಸಬೇಡಿ.

(ಇ) ಬೀಜಪದಗಳ ಫೋಟೋ ತೆಗೆಯಬೇಡಿ, ವಾಟ್ಸಾಪಿನಲ್ಲಿ ಕಳಿಸಬೇಡಿ, ಗಣಕಯಂತ್ರದಲ್ಲಿ ಟೈಪು ಮಾಡಬೇಡಿ. ಫೋನಿನಲ್ಲಿ ಪದ ಕೇಳುವವನು, ತಾನು ಯಾರೆಂದು ಹೇಳಿಕೊಂಡರೂ, ಕಳ್ಳನೇ.

(ಈ) ಮೊದಲು ಅತಿ ಸಣ್ಣ ಮೊಬಲಗು ಹಾಕಿ. ಬಳಿಕ ಯಂತ್ರವನ್ನು ಪೂರ್ತಿ ಅಳಿಸಿ, ಪದಗಳಿಂದ ಮರಳಿ ಪಡೆದು ನೋಡಿ. ಸರಿಬಂದ ಮೇಲೆಯೇ ಉಳಿದದ್ದು.

(ಉ) ಹಣ ಕಳಿಸುವಾಗ ವಿಳಾಸವನ್ನು ಯಂತ್ರದ ಪರದೆಯಲ್ಲಿ ಅಕ್ಷರ ಅಕ್ಷರ ತಾಳೆ ನೋಡಿ. ಕಳಿಸಿದ್ದನ್ನು ಹಿಂದಕ್ಕೆ ತರುವ ಕಚೇರಿ ಯಾವುದೂ ಇಲ್ಲ.

(ಊ) ತಿಂಗಳಿಗೆ ಇಷ್ಟು ಲಾಭ ಖಚಿತವೆಂದು ಹೇಳುವ ಆ್ಯಪುಗಳಿಗೆ ನೀವಾಗಿಯೇ ಕಳಿಸಿದ ಹಣವನ್ನು ಯಾವ ಯಂತ್ರವೂ ಕಾಯದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

6. ಮನೆಯವರಿಗೆ ತಿಳಿದಿರಬೇಕಾದ್ದು

ಹೀಗೊಂದು ಪ್ರಸಂಗ ಊಹಿಸಿಕೊಳ್ಳಿ. ನೌಕರಿಯಲ್ಲಿದ್ದ ಮಗ ಅಪಘಾತದಲ್ಲಿ ತೀರಿಕೊಂಡ. ಅವನ ಮೇಜಿನಲ್ಲಿ ಯಂತ್ರ ಸಿಕ್ಕಿತು. ಹಳೇ ಪೆನ್‌ಡ್ರೈವ್ ಎಂದು ಮಕ್ಕಳು ಆಡಲು ತೆಗೆದುಕೊಂಡರು. ಪದಗಳಿದ್ದ ತಗಡು ಗುಜರಿಗೆ ಹೋಯಿತು. ಮೂರು ಬೆಳೆಯ ಉಳಿತಾಯ ಆ ಖಾತೆ ಪುಸ್ತಕದಲ್ಲಿ ಎಲ್ಲರಿಗೂ ಕಾಣುತ್ತಲೇ ಇರುತ್ತದೆ, ಯಾರ ಕೈಗೂ ಬಾರದು. ಬ್ಯಾಂಕಿನಲ್ಲಿ ನಾಮಿನಿಯಿದ್ದಾನೆ, ಇಲ್ಲವಾದರೆ ವಾರಸಾ ದಾಖಲೆಯಿಂದ ಹಣ ಬಿಡಿಸಿಕೊಳ್ಳಬಹುದು. ಇಲ್ಲಿ ಕೋರ್ಟಿನ ಡಿಕ್ರಿ ಬಂದರೂ ಕೀಲಿಯಿಲ್ಲದೆ ಬೀಗ ತೆರೆಯದು.

ಆದ್ದರಿಂದ ಕನ್ನಡದಲ್ಲಿ ಒಂದು ಪತ್ರ ಬರೆದಿಡಬೇಕು: ಇಂಥ ಸ್ವತ್ತಿದೆ, ಯಂತ್ರ ಇಲ್ಲಿದೆ, ತಗಡು ಅಲ್ಲಿದೆ, ಬಳಸುವ ಕ್ರಮ ಹೀಗೆ, ನಂಬಿಕಸ್ಥ ಇಂಥವರನ್ನು ಕೇಳಿ. ಪದಗಳನ್ನು ಆ ಪತ್ರದಲ್ಲಾಗಲಿ ಉಯಿಲಿನಲ್ಲಾಗಲಿ ಬರೆಯಕೂಡದು; ಉಯಿಲು ಹಲವರ ಕೈ ಹಾಯುತ್ತದೆ. ಯಂತ್ರವೂ ತಗಡೂ ಒಂದೇ ಕಡೆ ಇರಕೂಡದು. ಪದಗಳನ್ನು ಅರ್ಧರ್ಧ ಮಾಡಿ ಅಣ್ಣತಮ್ಮಂದಿರಿಗೆ ಹಂಚುವುದೂ ತಪ್ಪು. ಒಂದರ್ಧ ಕಳೆದರೆ ಎಲ್ಲವೂ ಹೋದಂತೆ.

7. ತೆರಿಗೆಯ ಮಾತು

ಯಂತ್ರದಲ್ಲಿಟ್ಟ ಮಾತ್ರಕ್ಕೆ ಲೆಕ್ಕ ತಪ್ಪುವುದಿಲ್ಲ. 2022ರ ಏಪ್ರಿಲ್ 1ರಿಂದ ಇಂಥ ಸ್ವತ್ತಿನ ಲಾಭಕ್ಕೆ ಶೇಕಡಾ 30 ತೆರಿಗೆ ವಿಧಿಸಲಾಗಿದೆ. ಇದರ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಅಡಿಕೆ ಬೆಳೆದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವಾದರೂ, ಆ ಹಣದಿಂದ ಕೊಂಡ ನಾಣ್ಯದ ಲಾಭ ಕೃಷಿ ಆದಾಯವಾಗದು. ಕೊಂಡ ದಿನ, ಬೆಲೆ, ಮಾರಿದ ದಿನ ಇವನ್ನು ಬರೆದಿಡಿ.

ಕೊನೆಯದಾಗಿ, ಮುಂದಿನ ಅಧ್ಯಯನ ಕೂಟಕ್ಕೆ ಬರುವ ಮುನ್ನ ಮನೆಯಲ್ಲಿ ಈ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ನಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಸ್ವತ್ತಿದೆಯೇ? ಅದರ ಕೀಲಿ ಕಂಪನಿಯಲ್ಲಿದೆಯೋ, ನಮ್ಮಲ್ಲಿದೆಯೋ? ಅವರಿಲ್ಲದ ದಿನ ಅದನ್ನು ತೆರೆಯಬಲ್ಲವರು ಯಾರು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಇಂದು ರಾತ್ರಿಯೇ ಮಕ್ಕಳಿಗೆ ಫೋನು ಮಾಡಿರಿ. ಪದಗಳನ್ನು ಕೇಳಬೇಡಿ, ಪತ್ರ ಬರೆದಿಟ್ಟಿದ್ದೀಯಾ ಎಂದಷ್ಟೇ ಕೇಳಿ.