ಒಂದೇ ಪುಸ್ತಕ, ಇಬ್ಬರು ಓದುಗರು: ಕ್ರೈಸ್ತ ಕಥನದಲ್ಲಿ ಮಗುವಿನ ಪ್ರಶ್ನೆ

ಪ್ರವೇಶ

ಆಧುನಿಕ ಕನ್ನಡ ಗದ್ಯದ ಚರಿತ್ರೆಯಲ್ಲಿ ಕ್ರೈಸ್ತ ಮಿಷನರಿಗಳ ಪ್ರಸ್ತಾಪ ತಪ್ಪದೆ ಬರುತ್ತದೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಮುದ್ರಣಾಲಯ ಇವುಗಳ ಉಲ್ಲೇಖದೊಂದಿಗೆ ಆ ಅಧ್ಯಾಯ ಸಾಮಾನ್ಯವಾಗಿ ಮುಗಿಯುತ್ತದೆ. ಪತ್ರಿಕೆ, ನಿಘಂಟು, ಮುದ್ರಣಗಳಿಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಆದರೆ ಆ ಪರಂಪರೆಯ ಕಥನಕೃತಿಗಳನ್ನು ಓದಿ, ಅವುಗಳ ಸಾಹಿತ್ಯಕ ಯೋಗ್ಯತೆಯನ್ನು ಪರಿಶೀಲಿಸುವ ಕೆಲಸ ನಡೆದಿರುವುದು ಕಡಿಮೆ. ಮತಪ್ರಚಾರದ ಸಾಮಗ್ರಿ ಎಂಬ ಒಂದು ಮಾತು ಅವುಗಳನ್ನು ಓದಿನಿಂದ ಹೊರಗಿಡಲು ಸಾಕಾಗುತ್ತದೆ. ಮತ್ತೊಂದೆಡೆ, ಅವುಗಳನ್ನು ಬೋಧನೆಯ ಸಾಧನಗಳೆಂದು ಮಾತ್ರ ಭಾವಿಸುವವರೂ ಇದ್ದಾರೆ. ಈ ಎರಡೂ ನಿಲುವುಗಳಿಂದ ಕಥೆಯನ್ನು ಕಥೆಯಾಗಿ ಓದುವ ಅವಕಾಶ ತಪ್ಪಿಹೋಗುತ್ತದೆ.

ಈ ಹಿನ್ನೆಲೆಯಲ್ಲಿ ಮಕ್ಕಳೂ ಹಿರಿಯರೂ ಓದಬಹುದಾದ ಕ್ರೈಸ್ತ ಕಥನಗಳ ಲಕ್ಷಣವೇನು ಎಂಬುದನ್ನು ಬನ್ಯನ್, ಟಾಲ್‌ಸ್ಟಾಯ್ ಮತ್ತು ಸಿ.ಎಸ್. ಲೂಯಿಸ್ ಅವರ ಕೃತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೋಧನೆಗೆ ಮಗು ಕೇಳುವ ಪ್ರಶ್ನೆಯನ್ನು ಅಡಗಿಸುವ ಪುಸ್ತಕ ಕರಪತ್ರವಾಗಿ ಉಳಿಯುತ್ತದೆ. ಆ ಪ್ರಶ್ನೆಗೆ ಎಡೆಕೊಡುವ ಪುಸ್ತಕ ಮಾತ್ರ ಹಿರಿಯರಿಗೂ ಓದಲು ತಕ್ಕದ್ದಾಗುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

ಬನ್ಯನ್: ಬಿಟ್ಟುಹೋದವನ ಕಥೆ

ಜಾನ್ ಬನ್ಯನ್ (1628–1688) ವಿದ್ವಾಂಸನಲ್ಲ. ಊರೂರು ತಿರುಗಿ ತೂತುಬಿದ್ದ ಪಾತ್ರೆಗಳನ್ನು ಸರಿಮಾಡುವುದು ಅವನ ಕುಲಕಸುಬು. ಅಧಿಕೃತ ಚರ್ಚಿನ ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಲ್ಲಿ ಬಂಧಿತನಾಗಿ, ಬೆಡ್‌ಫರ್ಡ್ ಸೆರೆಮನೆಯಲ್ಲಿ ಸುಮಾರು 12 ವರ್ಷ ಕಳೆದನು. ಇಂಗ್ಲಿಷಿನಲ್ಲಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಎಂದು ಹೆಸರಾದ ಅವನ ಕೃತಿಯ ಮೊದಲ ಭಾಗ 1678ರಲ್ಲಿಯೂ ಎರಡನೆಯ ಭಾಗ 1684ರಲ್ಲಿಯೂ ಪ್ರಕಟವಾದವು.

ಕೃತಿಯ ಚೌಕಟ್ಟು ಒಂದು ಕನಸು. ಬೆನ್ನಿನ ಮೇಲೆ ಹೊರೆ, ಕೈಯಲ್ಲಿ ಒಂದು ಪುಸ್ತಕ ಹಿಡಿದ ‘ಕ್ರಿಶ್ಚಿಯನ್’ ಎಂಬ ಹೆಸರಿನ ಮನುಷ್ಯ ನಾಶನಗರಿಯನ್ನು ಬಿಟ್ಟು ದಿವ್ಯನಗರಿಯ ಕಡೆಗೆ ಹೊರಡುತ್ತಾನೆ. ನಿರಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ. ಶಿಲುಬೆಯ ಎದುರು ಅವನ ಹೊರೆ ಕಳಚಿ ಬೀಳುತ್ತದೆ. ಅಪೊಲ್ಯನ್ ಎಂಬ ರಾಕ್ಷಸನೊಡನೆ ಹೋರಾಡುತ್ತಾನೆ. ವ್ಯರ್ಥತೆಯ ಸಂತೆಯಲ್ಲಿ ಅವನ ಸಂಗಡಿಗ ಕೊಲೆಯಾಗುತ್ತಾನೆ. ಹತಾಶೆ ಎಂಬ ದೈತ್ಯನ ಕೋಟೆಯಲ್ಲಿ ಸೆರೆಯಾದವನಿಗೆ ತನ್ನ ಎದೆಯ ಬಳಿಯೇ ಬೀಗದಕೈ ಇದ್ದುದು ನೆನಪಾಗುತ್ತದೆ. ಹಿರಿಯ ಓದುಗನಿಗೆ ಇವೆಲ್ಲ ಆತ್ಮದ ಅವಸ್ಥೆಗಳು. ಮಗುವಿಗೆ ಅದು ನಿಜವಾದ ಕೆಸರು, ನಿಜವಾದ ದೈತ್ಯ. ಸಾಂಕೇತಿಕ ಅರ್ಥವನ್ನು ತೆಗೆದಿಟ್ಟರೂ ಕೆಸರು ಕೆಸರಾಗಿಯೇ ಉಳಿಯುವುದು ಈ ಕೃತಿಯ ಬಲ. ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಪ್ರಕಟಿಸಿದ ‘ಲಿಟಲ್ ವಿಮೆನ್’ ಕಾದಂಬರಿಯಲ್ಲಿ ನಾಲ್ವರು ಅಕ್ಕತಂಗಿಯರು ಚಿಕ್ಕಂದಿನಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು, ಮನೆಯ ನೆಲಮಾಳಿಗೆಯಿಂದ ಮೇಲ್ಛಾವಣಿಯವರೆಗೆ ಈ ಯಾತ್ರೆಯನ್ನು ಆಟವಾಗಿ ಆಡುತ್ತಿದ್ದ ಪ್ರಸಂಗವಿದೆ. ಬೋಧನೆಯ ಪುಸ್ತಕವೊಂದನ್ನು ಮಕ್ಕಳು ಆಟವಾಗಿ ತಮ್ಮದಾಗಿಸಿಕೊಂಡ ಬಗೆಗೆ ಇದು ಒಳ್ಳೆಯ ನಿದರ್ಶನ.

ಆದರೆ ಇದೇ ಕೃತಿಯ ಆರಂಭದಲ್ಲಿ ಮಗುವಿನ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಕ್ರಿಶ್ಚಿಯನ್ ಹೊರಟಾಗ ಹೆಂಡತಿ ಮಕ್ಕಳು ಅವನನ್ನು ಕೂಗಿ ಕರೆಯುತ್ತಾರೆ. ಅವನು ಕಿವಿಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಹಿರಿಯನು ಇದನ್ನು ವೈರಾಗ್ಯವೆಂದು ಅರ್ಥೈಸಿ ಮುಂದುವರಿಯಬಲ್ಲನು. ಮಗುವಾದರೋ ನಿಂತು ಕೇಳುತ್ತದೆ: ಆ ಮಕ್ಕಳು ಏನಾದರು?

ಕನ್ನಡ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಸಿದ್ಧಾರ್ಥನ ನಿರ್ಗಮನದ ಕಥೆಯನ್ನು ಕೇಳಿದ ಮಗು ರಾಹುಲನ ಬಗೆಗೆ ಇದನ್ನೇ ಕೇಳುತ್ತದೆ. ಮಾಸ್ತಿಯವರು ‘ಯಶೋಧರಾ’ ನಾಟಕದಲ್ಲಿ ಹೊರಟುಹೋದವನಿಂದ ಉಳಿದುಕೊಂಡವಳ ಕಡೆಗೆ ದೃಷ್ಟಿಯನ್ನು ತಿರುಗಿಸಿದರು. ಬನ್ಯನ್ ತನ್ನ ಎರಡನೆಯ ಭಾಗದಲ್ಲಿ ಮಾಡಿರುವುದೂ ಇಂಥದೇ ಕೆಲಸ. ಇಲ್ಲಿ ಹೆಂಡತಿ ಕ್ರಿಶ್ಚಿಯಾನಾ ನಾಲ್ವರು ಗಂಡುಮಕ್ಕಳೊಡನೆ ಅದೇ ದಾರಿಯಲ್ಲಿ ಹೊರಡುತ್ತಾಳೆ. ಮೊದಲ ಭಾಗದಲ್ಲಿ ಒಬ್ಬಂಟಿಯ ಓಟವಾಗಿದ್ದ ದಾರಿ ಈಗ ಸಂಸಾರದ ದಾರಿಯಾಗುತ್ತದೆ. ಹಿರಿಯ ಮಗ ಶತ್ರುವಿನ ತೋಟದ ಹಣ್ಣು ತಿಂದು ಹೊಟ್ಟೆನೋವಿನಿಂದ ನರಳುತ್ತಾನೆ; ವೈದ್ಯ ಬಂದು ಔಷಧಿ ಕೊಡುತ್ತಾನೆ. ಮಕ್ಕಳು ದಾರಿಯಲ್ಲೇ ಬೆಳೆದು ಮದುವೆಯಾಗುತ್ತಾರೆ. ಮೊದಲ ಭಾಗದ ನಾಟಕೀಯ ತೀವ್ರತೆ ಇಲ್ಲಿಲ್ಲವೆಂಬುದು ನಿಜ. ಆದರೆ ಮೊದಲ ಭಾಗ ಎಬ್ಬಿಸಿದ ಪ್ರಶ್ನೆಗೆ ಕೃತಿಕಾರನೇ ಆರು ವರ್ಷಗಳ ತರುವಾಯ ಕೊಟ್ಟ ಉತ್ತರವೆಂದು ಇದನ್ನು ಓದಬಹುದು. ಮಕ್ಕಳಿಗಾಗಿ ಸಂಗ್ರಹಿಸುವವರು ಎರಡನೆಯ ಭಾಗವನ್ನು ಕೈಬಿಟ್ಟರೆ ಮಕ್ಕಳಿಗೇ ಸಲ್ಲಬೇಕಾದ ಉತ್ತರವನ್ನು ಕೈಬಿಟ್ಟಂತಾಗುತ್ತದೆ.

ಕನ್ನಡದ ‘ಯಾತ್ರಿಕ’

ಈ ಕೃತಿಯನ್ನು ಬಾಸೆಲ್ ಮಿಷನ್ನಿನ ವೈಗಲ್ 1840ರ ದಶಕದ ಕೊನೆಯ ಭಾಗದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದನು. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಮತ್ತು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಇವುಗಳ ನಡುವಿನ ಕಾಲಾವಧಿಯ ದೀರ್ಘ ಗದ್ಯಕಥನಗಳಲ್ಲಿ ಇದೂ ಒಂದೆಂಬುದನ್ನು ಗಮನಿಸಬೇಕು.

ಶೀರ್ಷಿಕೆಯೇ ಒಂದು ಸಾಂಸ್ಕೃತಿಕ ಮುಖಾಮುಖಿಯನ್ನು ಸೂಚಿಸುತ್ತದೆ. ಮೂಲದ ಪದದಲ್ಲಿರುವುದು ಮುಂದೆ ಮುಂದೆ ಸಾಗುವ ಅರ್ಥ. ‘ಸಂಚಾರ’ದಲ್ಲಿರುವುದು ಸುತ್ತಾಟದ ಅರ್ಥ. ಮಠಾಧಿಪತಿಗಳ ಸಂಚಾರ ಕನ್ನಡಿಗರಿಗೆ ಪರಿಚಿತವಾದುದು. ‘ಯಾತ್ರೆ’ಯ ಕಲ್ಪನೆಯೂ ಬೇರೆ. ಕಾಶಿಗೆ ಹೋದವನು ಗಂಗೆಯ ತಂಬಿಗೆಯೊಡನೆ ಮನೆಗೆ ಮರಳುತ್ತಾನೆ, ಬಂಧುಬಳಗವನ್ನು ಕರೆದು ಸಮಾರಾಧನೆ ಮಾಡುತ್ತಾನೆ. ಬನ್ಯನ್ನನ ಯಾತ್ರಿಕನಾದರೋ ಮರಳುವುದಿಲ್ಲ. ಹೀಗೆ ಮರಳಿ ಬರುವ ನಿರೀಕ್ಷೆಯನ್ನು ಹೊತ್ತ ಪದವೊಂದು ಮರಳದವನ ಕಥೆಗೆ ಹೆಸರಾಗಿದೆ. ಕನ್ನಡದ ಮಗು ‘ಅಪ್ಪ ಯಾವಾಗ ಬಂದ?’ ಎಂದು ಕೇಳಿದರೆ ಆ ಪ್ರಶ್ನೆಯನ್ನು ಶೀರ್ಷಿಕೆಯೇ ಹುಟ್ಟಿಸಿದೆ ಎನ್ನಬೇಕು. ಅನುವಾದವು ಮೂಲದ ಮತತತ್ತ್ವವನ್ನು ಯಥಾವತ್ತಾಗಿ ಸಾಗಿಸಿತೆಂಬ ಸರಳ ತೀರ್ಮಾನಕ್ಕೆ ಈ ಒಂದು ಪದವೇ ಅಡ್ಡ ನಿಲ್ಲುತ್ತದೆ.

ಟಾಲ್‌ಸ್ಟಾಯ್ ಮತ್ತು ಲೂಯಿಸ್

ಟಾಲ್‌ಸ್ಟಾಯ್ ಮತ್ತು ಅವನ ಸಂಗಡಿಗರು 1884ರಲ್ಲಿ ‘ಪೊಸ್ರೆದ್ನಿಕ್’ ಎಂಬ ಪ್ರಕಾಶನವನ್ನು ಆರಂಭಿಸಿದರು. ಸಾಮಾನ್ಯ ಜನರಿಗೆ ಅಗ್ಗದ ಬೆಲೆಯಲ್ಲಿ ಒಳ್ಳೆಯ ಪುಸ್ತಕ ಒದಗಿಸುವುದು ಅದರ ಗುರಿಯಾಗಿತ್ತು. ‘ಪ್ರೀತಿಯಿರುವಲ್ಲಿ ದೇವರಿದ್ದಾನೆ’ (1885) ಕಥೆಯ ಮೋಚಿ ಮಾರ್ಟಿನ್ ತನ್ನ ನೆಲಮಾಳಿಗೆಯ ಕಿಟಕಿಯಿಂದ ಜನರ ಕಾಲುಗಳನ್ನಷ್ಟೇ ಕಾಣುತ್ತಾನೆ. ಜೋಡುಗಳಿಂದಲೇ ಅವರನ್ನು ಗುರುತಿಸುತ್ತಾನೆ. ಕ್ರಿಸ್ತನು ಬರುವನೆಂದು ಕಾಯುವವನ ಬಳಿಗೆ ಬರುವವರು ಹಿಮ ಬಾಚುವ ಮುದುಕ, ಚಳಿಯಲ್ಲಿ ನಡುಗುವ ತಾಯಿ ಮಗು, ಸೇಬು ಮಾರುವ ಮುದುಕಿ ಮತ್ತು ಅವಳ ಬುಟ್ಟಿಯಿಂದ ಸೇಬು ಕದ್ದ ಹುಡುಗ. ಕದ್ದವನಿಗೆ ಶಿಕ್ಷೆಯಾಗಬೇಡವೆ? ಮುದುಕಿಯೇ ಈ ಪ್ರಶ್ನೆಯನ್ನು ಎತ್ತುತ್ತಾಳೆ. ಮಾರ್ಟಿನ್ ಸೇಬಿನ ಬೆಲೆಯನ್ನು ತಾನು ಕೊಡುವುದಾಗಿ ಹೇಳಿ, ಕ್ಷಮೆಯ ಮಾತಾಡುತ್ತಾನೆ. ಕೊನೆಗೆ ಹುಡುಗ ಮುದುಕಿಯ ಹೊರೆಯನ್ನು ಹೊತ್ತು ಅವಳ ಜೊತೆ ನಡೆಯುತ್ತಾನೆ. ಬೋಧನೆಯು ಇಲ್ಲಿ ಕ್ರಿಯೆಯಾಗಿ ಕಾಣುವುದರಿಂದ ಅನ್ಯಮತೀಯ ಓದುಗನಿಗೂ ಅದು ದಕ್ಕುತ್ತದೆ.

ಸಿ.ಎಸ್. ಲೂಯಿಸ್‌ನ ಏಳು ನಾರ್ನಿಯಾ ಕಥೆಗಳು 1950ರಿಂದ 1956ರವರೆಗೆ ಪ್ರಕಟವಾದವು. ಮಕ್ಕಳಷ್ಟೇ ಮೆಚ್ಚುವ ಮಕ್ಕಳ ಕಥೆ ಒಳ್ಳೆಯ ಮಕ್ಕಳ ಕಥೆಯಲ್ಲ ಎಂಬುದು ಅವನ ನಿಲುವಾಗಿತ್ತು. ಮೊದಲ ಪುಸ್ತಕದಲ್ಲಿ ಎಡ್ಮಂಡ್ ಸಿಹಿತಿಂಡಿಯ ಆಸೆಗೆ ಒಡಹುಟ್ಟಿದವರನ್ನು ವಂಚಿಸುತ್ತಾನೆ. ಅವನಿಗೆ ಬದಲಾಗಿ ಅಸ್ಲಾನ್ ಎಂಬ ಸಿಂಹ ಪ್ರಾಣ ಕೊಟ್ಟು ಮತ್ತೆ ಏಳುತ್ತದೆ. ಹಿರಿಯನು ಇದರಲ್ಲಿ ಶಿಲುಬೆಯನ್ನು ಗುರುತಿಸುತ್ತಾನೆ. ತಪ್ಪು ಮಾಡಿ ಗೊತ್ತಿರುವ ಮಗು ಎಡ್ಮಂಡನಲ್ಲಿ ತನ್ನನ್ನೇ ಕಾಣುತ್ತದೆ. ಆದರೆ ಕೊನೆಯ ಪುಸ್ತಕದಲ್ಲಿ ಅಕ್ಕ ಸೂಸನ್ ಹೊರಗುಳಿಯುತ್ತಾಳೆ. ಅಲಂಕಾರ, ಔತಣಗಳಲ್ಲಿ ಆಸಕ್ತಳಾದ ಅವಳು ನಾರ್ನಿಯಾದ ಗೆಳತಿಯಾಗಿ ಉಳಿದಿಲ್ಲವೆಂದು ಕೆಲವು ಮಾತುಗಳಲ್ಲಿ ಹೇಳಿ ಮುಗಿಸಲಾಗುತ್ತದೆ. ಈ ಭಾಗ ತೀವ್ರ ವಿಮರ್ಶೆಗೆ ಒಳಗಾಗಿರುವುದು ಸಹಜವೇ ಆಗಿದೆ. ವಂಚಕನಾದ ತಮ್ಮನಿಗೆ ದೊರೆತ ಕ್ಷಮೆಯ ಕಥೆ ಅಕ್ಕನಿಗೆ ಏಕೆ ದೊರೆಯಲಿಲ್ಲ ಎಂಬ ಪ್ರಶ್ನೆಗೆ ಕೃತಿಯೊಳಗೆ ಉತ್ತರವಿಲ್ಲ. ಬನ್ಯನ್ ಹಿಂದಿರುಗಿ ನೋಡಿದಂತೆ ಲೂಯಿಸ್ ಇಲ್ಲಿ ಹಿಂದಿರುಗಿ ನೋಡಲಿಲ್ಲ.

ಸಮಾರೋಪ

ಕನ್ನಡದಲ್ಲಿ ಕ್ರಿಸ್ತನ ವಸ್ತು ಉನ್ನತ ಕಾವ್ಯವಾಗಿ ಅರಳಿದ್ದುಂಟು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನು ಚಿತ್ರಿಸಿದರು. ಒಂದು ಧರ್ಮದ ಕಥೆ ಅನ್ಯಮತೀಯ ಕವಿಯ ಕೈಯಲ್ಲಿಯೂ ಸಾಹಿತ್ಯವಾಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದರ ಪ್ರೌಢ ಶೈಲಿ ಮಕ್ಕಳ ಕೈಗೆ ಎಟುಕುವಂಥದಲ್ಲ. ಇತ್ತ ಮಕ್ಕಳಿಗೆಂದು ಬರೆದ ಎಷ್ಟೋ ನೀತಿಕಥೆಗಳು ಹಿರಿಯರನ್ನು ಹಿಡಿದು ನಿಲ್ಲಿಸಲಾರವು. ಇಬ್ಬರೂ ಒಟ್ಟಿಗೆ ಕುಳಿತು ಓದಬಲ್ಲ ಕಥನ ಈ ಎರಡರ ನಡುವಿನ ಜಾಗಕ್ಕೆ ಸೇರಿದ್ದು.

‘ಯಾತ್ರಿಕನ ಸಂಚಾರ’ವನ್ನು ಅನುವಾದ ಚರಿತ್ರೆಯ ದಾಖಲೆಯೆಂದು ಹೆಸರಿಸಿ ಬಿಡುವ ಬದಲು ಓದಿನ ಪುಸ್ತಕವಾಗಿ ಮರುಪರಿಶೀಲಿಸಬೇಕಾಗಿದೆ. ಬನ್ಯನ್ನನ ಎರಡೂ ಭಾಗಗಳನ್ನು ಒಳಗೊಂಡ, ಇಂದಿನ ಕನ್ನಡದ ಮಕ್ಕಳಿಗೆ ತಿಳಿಯುವಂಥ ಆವೃತ್ತಿಯೊಂದು ಸಿದ್ಧವಾಗುವುದಾದರೆ, ಅದರಲ್ಲಿ ಕ್ರಿಶ್ಚಿಯಾನಾ ಮತ್ತು ಅವಳ ನಾಲ್ವರು ಮಕ್ಕಳ ಪಯಣಕ್ಕೆ ಪೂರ್ಣ ಸ್ಥಳ ಸಲ್ಲಬೇಕು. ತಂದೆ ಕಿವಿ ಮುಚ್ಚಿಕೊಂಡು ಓಡಿದ ಪುಟದಲ್ಲಿ ನಿಂತ ಮಗುವಿಗೆ, ಆ ಮಕ್ಕಳೂ ಮುಂದೆ ಅದೇ ದಾರಿಯಲ್ಲಿ ತಾಯಿಯೊಡನೆ ನಡೆದರೆಂಬುದು ತಿಳಿಯಬೇಕಾದ ಸಂಗತಿ.