ಮನೆಯ ಕಡಲ ತೊಟ್ಟಿಯಲ್ಲಿ ಝೋವಾಂಥಿಡ್ ಹವಳದ ಪಾಲನೆ

ಬಣ್ಣದ ಮೀನು ಸಾಕುವ ಹವ್ಯಾಸ ತಾಲ್ಲೂಕು ಕೇಂದ್ರಗಳನ್ನು ದಾಟಿ ಹಳ್ಳಿಗಳಿಗೂ ಬಂದಿದೆ. ಸಿಹಿನೀರಿನ ಮೀನಿನಲ್ಲಿ ಕೈ ಪಳಗಿದವರು ಮುಂದೆ ಕಡಲ ನೀರಿನ ತೊಟ್ಟಿಯತ್ತ ಮನಸ್ಸು ಮಾಡುವುದುಂಟು. ಅವರಿಗೆ ಮೊದಲು ಸಿಗುವ ಸಲಹೆ, ಝೋವಾಂಥಿಡ್ ಜಾತಿಯ ಹವಳದಿಂದ ಪ್ರಾರಂಭಿಸಿ ಎಂಬುದು. ಸಲಹೆ ತಪ್ಪಲ್ಲ. ಈ ಹವಳ ಗಟ್ಟಿಮುಟ್ಟು, ಬೇಗ ಹಬ್ಬುತ್ತದೆ, ನೋಡಲು ಸೇವಂತಿಗೆ ಮಡಿಯಂತಿರುತ್ತದೆ. ಆದರೆ ಕಡಲಿನಿಂದ ದೂರವಿರುವ ಪಟ್ಟದಕಲ್ಲು, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆ ಇದನ್ನು ಸಾಕುವವರು ನೀರು, ಬಿಸಿಲು, ವಿಷ ಈ ಮೂರನ್ನು ತಿಳಿದೇ ಕೈಹಾಕಬೇಕು.

ಇದು ಏನು?

ಝೋವಾಂಥಿಡ್ ಗಿಡವಲ್ಲ, ಪ್ರಾಣಿ. ಬೆರಳ ತುದಿಗಿಂತ ಚಿಕ್ಕದಾದ ಕೊಳವೆಯಂಥ ದೇಹ. ಮೇಲ್ತುದಿಯಲ್ಲಿ ಬಾಯಿ, ಅದರ ಸುತ್ತ ಎರಡು ಸಾಲು ಎಳೆಗಳು. ಇಂಥ ನೂರಾರು ಜೀವಿಗಳು ಬುಡದಲ್ಲಿ ಒಂದೇ ತೊಗಲಿನ ಹಾಸಿನಿಂದ ಕೂಡಿಕೊಂಡು, ಬದುವಿನ ಮೇಲೆ ಕರಿಕೆ ಹಬ್ಬಿದಂತೆ ಕಲ್ಲಿನ ಮೇಲೆ ಹಬ್ಬುತ್ತವೆ. ಇತರ ಹವಳಗಳಂತೆ ಸುಣ್ಣದ ಗೂಡು ಕಟ್ಟುವುದಿಲ್ಲ.

ಇವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಶೇಂಗಾ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಇದ್ದು ಗಿಡಕ್ಕೆ ಸಾರಜನಕ ಒದಗಿಸುವಂತೆ, ಈ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಆದ್ದರಿಂದ ದಿನಕ್ಕೆ ಎಂಟು–ಹತ್ತು ಗಂಟೆ ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ಬೆಳಕು ಬೇಕು. ಕಿಟಕಿಯ ನೇರ ಬಿಸಿಲು ಬೇಡ. ಅದು ನೀರನ್ನು ಕಾಯಿಸುತ್ತದೆ.

ನೀರಿನ ಸಿದ್ಧತೆ

ಈ ಭಾಗದ ಕೊಳವೆಬಾವಿ ನೀರು ಹಲವೆಡೆ ಗಡಸು. ಅದಕ್ಕೆ ಉಪ್ಪು ಬೆರೆಸಿದ ಮಾತ್ರಕ್ಕೆ ಕಡಲ ನೀರಾಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಇದಕ್ಕೆ ಹೆಚ್ಚು ಯೋಗ್ಯ. ಸಿಮೆಂಟ್ ಛಾವಣಿಯ ಮಳೆನೀರನ್ನೂ ಮೊದಲ ಒಂದೆರಡು ಮಳೆ ಬಿಟ್ಟು ಹಿಡಿದು, ಸೋಸಿ ಬಳಸಬಹುದು. ಮಣ್ಣಿನ ಮಾಳಿಗೆಯ ನೀರಾಗಲಿ, ತಗಡಿನ ನೀರಾಗಲಿ ಬೇಡ. ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಯೇ ಶೇಖರಿಸಬೇಕು. ತಾಮ್ರದ ಕೊಡ, ಹಿತ್ತಾಳೆಯ ಹಂಡೆ ಕೂಡದು. ನಮಗೆ ಒಳ್ಳೆಯದೆನಿಸಿದ ತಾಮ್ರ ಹವಳಕ್ಕೆ ಅತಿ ಸ್ವಲ್ಪವಿದ್ದರೂ ಮಾರಕ. ಬೋರ್ಡೋ ದ್ರಾವಣ ಅಥವಾ ಕೀಟನಾಶಕ ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಗೆ ಅದ್ದುವ ಪ್ರಶ್ನೆಯೇ ಇಲ್ಲ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಆ ಪ್ರಮಾಣ ಸಿಗದು. ಇದಕ್ಕೆಂದೇ ಮಾರುವ ಸಂಶ್ಲೇಷಿತ ಕಡಲುಪ್ಪನ್ನು ಕೊಳ್ಳಬೇಕು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ.

ಕಲ್ಲಿನ ವಿಷಯ. ಪಟ್ಟದಕಲ್ಲಿನ ಗುಡಿಗಳಿಗೆ ಬಳಸಿದ ಕೆಂಪು ಮರಳುಗಲ್ಲು ಶಿಲ್ಪಿಗೆ ಹೇಳಿಮಾಡಿಸಿದ್ದು, ತೊಟ್ಟಿಗಲ್ಲ. ಅದರಲ್ಲಿ ಕಬ್ಬಿಣದ ಅಂಶವಿದೆ. ಬಾಗಲಕೋಟೆ ಸುತ್ತಿನ ಸುಣ್ಣಕಲ್ಲು ಪುರಾತನ ಕಡಲಿನ ತಳವೇ ಆದರೂ ಬಹಳ ಗಟ್ಟಿ, ರಂಧ್ರಗಳು ಕಡಿಮೆ. ರಂಧ್ರಗಳಿರುವ ಒಣಗಿದ ಸುಣ್ಣದ ಬಂಡೆ ಅಥವಾ ತೊಟ್ಟಿಗೆಂದೇ ಮಾಡಿದ ಕೃತಕ ಬಂಡೆ ಬೇಕು. ಆ ರಂಧ್ರಗಳಲ್ಲಿಯೇ ಉಪಯುಕ್ತ ಬ್ಯಾಕ್ಟೀರಿಯಾ ಮನೆಮಾಡುತ್ತವೆ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುವುದು ರೈತರಿಗೆ ತಿಳಿದ ವಿಷಯ. ತೊಟ್ಟಿಯ ಹೊಲಸೂ ಅದೇ ದಾರಿ ಹಿಡಿಯಬೇಕು. ಇದು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರೀಕ್ಷಾ ದ್ರಾವಣದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯ ತೋರುವವರೆಗೆ ಹವಳ ತರಬಾರದು. ಹೆಚ್ಚಿನ ತೊಟ್ಟಿಗಳು ಕೆಡುವುದು ಈ ಅವಸರದಿಂದಲೇ.

ಬೇಸಿಗೆಯ ಗಂಡಾಂತರ

ಹವಳಕ್ಕೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ನೀರು 30 ಡಿಗ್ರಿ ದಾಟಿ ಕೆಲದಿನ ನಿಂತರೆ ಒಳಗಿನ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳಿಗೆ ಕಡಲಿನಲ್ಲೇ ಈ ಗತಿ ಬಂದಿತ್ತು. ಏಪ್ರಿಲ್–ಮೇ ತಿಂಗಳಲ್ಲಿ ಮಲಪ್ರಭೆಯ ದಡದ ಮನೆಯ ಮಾತು ಹೇಳಬೇಕೆ? ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನಿನ ಗಾಳಿ ಹಾಯಿಸಿದರೆ ಎರಡು–ಮೂರು ಡಿಗ್ರಿ ಇಳಿಯುತ್ತದೆ. ಆಗ ಆವಿಯಾಗುವುದು ನೀರು, ಉಪ್ಪಲ್ಲ. ಸವಳು ಭೂಮಿಯ ಮೇಲೆ ಉಪ್ಪು ಏಳುವಂತೆ ತೊಟ್ಟಿಯಲ್ಲೂ ಉಪ್ಪಿನ ಸಾಂದ್ರತೆ ಏರುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಪ್ರತಿದಿನ ಸಿಹಿನೀರಿನಿಂದಲೇ ತುಂಬಬೇಕು. ಕರೆಂಟು ಹೋದಾಗ ನೀರು ತಿರುಗಿಸುವ ಪಂಪು ನಿಲ್ಲದಂತೆ ಬ್ಯಾಟರಿಯ ಏರ್ಪಾಡಿರಲಿ.

ವಿಷದ ಎಚ್ಚರಿಕೆ

ಝೋವಾಂಥಿಡ್ ಗುಂಪಿನ ಹಲವು ಹವಳಗಳಲ್ಲಿ, ವಿಶೇಷವಾಗಿ ಪಾಲಿಥೋವಾ ಎಂಬ ಕುಲದಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿ ದ್ವೀಪದಲ್ಲಿ 1971ರಲ್ಲಿ ಇದನ್ನು ಬೇರ್ಪಡಿಸಲಾಯಿತು. ಜೀವಕೋಶದ ಸೋಡಿಯಂ–ಪೊಟ್ಯಾಸಿಯಂ ಸಮತೋಲವನ್ನೇ ಇದು ಕೆಡಿಸುತ್ತದೆ. ಯಾವ ಬಣ್ಣದ್ದರಲ್ಲಿ ವಿಷವಿದೆ, ಯಾವುದರಲ್ಲಿಲ್ಲವೆಂದು ಕಣ್ಣಿನಿಂದ ಹೇಳಲಾಗದು. ಎಲ್ಲವನ್ನೂ ವಿಷವೆಂದೇ ಭಾವಿಸುವುದು ಲೇಸು. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಂಗಡಿ ಹಾಗೂ ಮನೆಗಳಲ್ಲಿ ಈ ಹವಳದ ಆವಿ ಸೇವಿಸಿ ಜನ ಅಸ್ವಸ್ಥರಾದ ಪ್ರಕರಣಗಳು ವರದಿಯಾದವು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯ ಹವಳ ಶುಚಿಗೊಳಿಸಿದ್ದರಿಂದ ಇಡೀ ಕುಟುಂಬ ಆಸ್ಪತ್ರೆ ಸೇರಿತು.

ಅತ್ಯಂತ ಅಪಾಯದ ಕೆಲಸವೆಂದರೆ ಹವಳ ಹಿಡಿದ ಕಲ್ಲನ್ನು ಕುದಿಸುವುದು, ಅದರ ಮೇಲೆ ಬಿಸಿನೀರು ಸುರಿಯುವುದು ಅಥವಾ ಒಣಗಿಸಿ ಬ್ರಷ್ಷಿನಿಂದ ಉಜ್ಜುವುದು. ಪಾತ್ರೆ ಶುಚಿ ಮಾಡುವ ಅಭ್ಯಾಸದಿಂದ ಮನೆಯಲ್ಲಿ ಯಾರಾದರೂ ಹೀಗೆ ಮಾಡಬಹುದು. ಎಲ್ಲರಿಗೂ ಮೊದಲೇ ತಿಳಿಸಿಡಬೇಕು. ಬಾಯಿಯಲ್ಲಿ ಕಹಿ ಅಥವಾ ಲೋಹದ ರುಚಿ, ಕೆಮ್ಮು, ಚಳಿಜ್ವರ, ಮೈಕೈ ನೋವು, ಕಣ್ಣುರಿ ಇದರ ಚಿಹ್ನೆಗಳು. ಇದಕ್ಕೆ ಪ್ರತಿವಿಷವಿಲ್ಲ. ಕೂಡಲೇ ಎಲ್ಲರೂ ಕೋಣೆಯಿಂದ ಹೊರಬಂದು ಆಸ್ಪತ್ರೆಗೆ ಹೋಗಬೇಕು, ಹವಳದ ಹೆಸರನ್ನು ವೈದ್ಯರಿಗೆ ಹೇಳಬೇಕು. ಇಲ್ಲವಾದರೆ ಸಾಮಾನ್ಯ ಜ್ವರವೆಂದೇ ಚಿಕಿತ್ಸೆ ನಡೆದೀತು.

ತುಣುಕು ಮಾಡಿ ಬೆಳೆಸುವುದು

ಹತ್ತಿಗೆ ಔಷಧಿ ಹೊಡೆಯುವಾಗಿನ ಎಚ್ಚರವೇ ಇಲ್ಲಿಯೂ ಬೇಕು: ಕೈಗವಸು, ಕನ್ನಡಕ, ಮುಖಗವಸು. ಕೈಯಲ್ಲಿ ಗಾಯವಿದ್ದರೆ ಕೆಲಸ ಮುಂದೂಡಬೇಕು. ತೊಗಲಿನ ಹಾಸನ್ನು ಜೀವಿಗಳ ನಡುವೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಮೂರು–ನಾಲ್ಕು ಜೀವಿಗಳಿರುವ ತುಣುಕನ್ನು ಮೆಲ್ಲಗೆ ಎಬ್ಬಿಸಿ, ಸಯನೋಅಕ್ರಿಲೇಟ್ ಅಂಟಿನಿಂದ ಚಿಕ್ಕ ಬಿಲ್ಲೆಗೆ ಅಂಟಿಸಬೇಕು. ಕೆಲವು ದಿನ ಮುಚ್ಚಿಕೊಂಡಿದ್ದರೆ ಗಾಬರಿ ಬೇಡ. ನೀರಿನ ಸೆಳೆತ ಕಡಿಮೆಯಿರುವ ಕಡೆ ಇಟ್ಟರೆ ತಾನೇ ಅರಳುತ್ತದೆ. ಬಳಸಿದ ಬ್ಲೇಡು, ಕೈಗವಸುಗಳನ್ನು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಬೇಕು.

ಮೊದಲ ತುಣುಕನ್ನು ತೊಟ್ಟಿಯಲ್ಲೇ ಬೆಳೆದ ಗುಂಪಿನಿಂದ, ರಸೀದಿಯೊಂದಿಗೆ ಪಡೆಯಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಕಾರವಾರ, ಗೋವೆಯ ದಂಡೆಯಿಂದಾಗಲಿ ಹವಳ, ಹವಳದ ಕಲ್ಲು ತರಕೂಡದು. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಇದನ್ನು ಉಪಕಸುಬೆಂದು ನಂಬಿ ಸಾಲ ಮಾಡುವುದೂ ಸಲ್ಲದು. ಕೊಳ್ಳುವವರು ದೊಡ್ಡ ನಗರಗಳಲ್ಲಿದ್ದಾರೆ, ಖರ್ಚು ಮನೆಯಲ್ಲಿದೆ. ಆದಾಯವೇ ಗುರಿಯಾದರೆ ಈ ಭಾಗದ ಗಡಸು ನೀರಿಗೆ ಒಗ್ಗುವ ಗಪ್ಪಿ, ಮೋಲಿ ಮೀನುಗಳೇ ಮೇಲು.

ಹಳೆಯ ನೀರಿನ ವಿಲೇವಾರಿ

ನೂರು ಲೀಟರಿನ ತೊಟ್ಟಿಯಿಂದ ವಾರಕ್ಕೆ ಹತ್ತು ಲೀಟರ್ ತೆಗೆದು ಹೊಸ ನೀರು ಹಾಕಬೇಕಾಗುತ್ತದೆ. ತೆಗೆದ ಪ್ರತಿ ಹತ್ತು ಲೀಟರಿನಲ್ಲಿ 350 ಗ್ರಾಂ ಲವಣ. ವರ್ಷಕ್ಕೆ 18 ಕಿಲೋ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿನ ತೊಂದರೆ ಈಗಾಗಲೇ ಇದೆ. ಹಿತ್ತಲಿನ ಕರಿಬೇವಿಗೂ ಈ ನೀರು ಹಾಕಬಾರದು, ಬಾವಿಯ ಬಳಿ ಚೆಲ್ಲಬಾರದು, ಹವಳದ ಚೂರನ್ನು ಹೊಳೆಗೆ ಎಸೆಯಬಾರದು. ಬಿಸಿಲಿಗೇನೂ ಕೊರತೆಯಿಲ್ಲದ ಕಾರಣ, ಮಾಳಿಗೆಯ ಮೇಲೆ ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರನ್ನು ಒಣಗಿಸಿ, ಉಳಿದ ಉಪ್ಪನ್ನು ಚೀಲಕ್ಕೆ ಕಟ್ಟಿ ಕಸದೊಂದಿಗೆ ಕೊಡಬಹುದು. ದನಗಳು ನೆಕ್ಕದಂತೆ ನೋಡಿಕೊಳ್ಳಬೇಕು.