ಫೈಬರ್ ಕಡಿದ ದಿನಕ್ಕೆ ಬದಲಿ ಸಂಪರ್ಕ: ಕಚೇರಿಯ ರೂಟರಿಗೆ ಯುಎಸ್‌ಬಿ ಡಾಂಗಲ್ ಜೋಡಣೆ

ರಸ್ತೆ ಅಗಲೀಕರಣದ ಜೆಸಿಬಿಗೆ ಸಿಕ್ಕಿ ಭಾರತ್‌ನೆಟ್ ಫೈಬರ್ ಕಡಿದರೆ ಗ್ರಾಮ ಪಂಚಾಯಿತಿ ಕಚೇರಿಯ ಕೆಲಸ ನಿಲ್ಲುವುದು ಸದಸ್ಯರಿಗೆ ಹೊಸ ಸಂಗತಿಯಲ್ಲ. ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಹೊರಡುವುದಿಲ್ಲ. ಉದ್ಯೋಗ ಖಾತರಿಯ ಎನ್.ಎಂ.ಆರ್. ತೆಗೆಯಲಾಗದೆ ಕೂಲಿಕಾರರ ಕೆಲಸವೇ ಮುಂದಕ್ಕೆ ಹೋಗುತ್ತದೆ. ಇಂತಹ ದಿನಗಳಿಗೆಂದು ತಂದಿರಿಸಿದ ಡಾಂಗಲನ್ನು ಗಣಕಯಂತ್ರಕ್ಕೆ ಸಿಕ್ಕಿಸಿದರೆ ಸಾಮಾನ್ಯವಾಗಿ ಆ ಒಂದು ಯಂತ್ರಕ್ಕಷ್ಟೇ ಸಂಪರ್ಕ. ಅದನ್ನೇ ರೂಟರಿಗೆ ಜೋಡಿಸಿದರೆ ಇಡೀ ಕಚೇರಿಗೆ ದೊರೆಯುತ್ತದೆ. ಯುಎಸ್‌ಬಿ ಕಿಂಡಿಯುಳ್ಳ, ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ನಡೆಯುವ ರೂಟರಿನಲ್ಲಿ ಇದು ಸಾಧ್ಯ. ಜೋಡಿಸುವವರು ತಂತ್ರಜ್ಞರೇ ಆದರೂ, ವೆಚ್ಚಕ್ಕೆ ಅನುಮೋದನೆ ನೀಡುವ ಸದಸ್ಯರಿಗೆ ಇದರ ಮರ್ಮ ತಿಳಿದಿರಬೇಕು. ‘ಡಾಂಗಲ್ ಕೆಟ್ಟಿದೆ, ಹೊಸದು ಬೇಕು’ ಎಂಬ ಟಿಪ್ಪಣಿಯನ್ನು ಪರಿಶೀಲಿಸದೆ ಒಪ್ಪತಕ್ಕದ್ದಲ್ಲ.

ಹಲವು ಡಾಂಗಲ್‌ಗಳು ಸಿಕ್ಕಿಸಿದೊಡನೆ ಮೋಡೆಮ್ ಆಗಿ ಕಾಣಿಸಿಕೊಳ್ಳುವುದಿಲ್ಲ. ವಿಂಡೋಸ್ ಬಳಸುವವರ ಅನುಕೂಲಕ್ಕಾಗಿ ತಯಾರಕರು ಡ್ರೈವರ್ ತಂತ್ರಾಂಶವನ್ನು ಅದರೊಳಗೇ ತುಂಬಿರುತ್ತಾರೆ. ಹೀಗಾಗಿ ಅದು ಮೊದಲು ಸಿಡಿ ಡ್ರೈವಿನ ವೇಷದಲ್ಲಿರುತ್ತದೆ. ರೂಟರಿಗೆ ಆ ಸಿಡಿಯಿಂದ ಏನೂ ಪ್ರಯೋಜನವಿಲ್ಲ. ಹುವಾವೇ ಇ1550 ಮಾದರಿಯನ್ನೇ ನೋಡಬಹುದು. ಸಿಕ್ಕಿಸಿದಾಗ ಅದರ ಗುರುತು ಸಂಖ್ಯೆ 12ಡಿ1:1446. ಮೋಡೆಮ್ ಆದ ಮೇಲೆ 12ಡಿ1:1001. ಮೊದಲ ಭಾಗ ತಯಾರಕರದು, ಎರಡನೆಯದು ಸಾಧನದ್ದು. ಈ ವೇಷ ಬದಲಿಸುವ ಕೆಲಸ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪುಟ್ಟ ತಂತ್ರಾಂಶದ್ದು. ಅದನ್ನು ರೂಟರಿನಲ್ಲಿ ಅಳವಡಿಸದಿದ್ದರೆ ಸುಸ್ಥಿತಿಯ ಡಾಂಗಲ್ ಕೂಡ ಕೆಟ್ಟದ್ದರಂತೆ ತೋರುತ್ತದೆ. ಆದ್ದರಿಂದ ತಂತ್ರಜ್ಞರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಗುರುತು ಸಂಖ್ಯೆ ಬದಲಾಯಿತೇ?

ಬದಲಾದ ನಂತರ ‘ಆಪ್ಷನ್’ ಎಂಬ ಡ್ರೈವರ್ ಅದನ್ನು ಗುರುತಿಸಿ ಸಂವಹನದ ಕಿಂಡಿಗಳನ್ನು ತೆರೆಯುತ್ತದೆ. ಅಲ್ಲಿಂದ *99# ಡಯಲ್ ಆಗಬೇಕು. ಸೇವಾದಾರರ ಎಪಿಎನ್ ಹೆಸರು ನಮೂದಾಗಬೇಕು. ಬಿಎಸ್‌ಎನ್‌ಎಲ್‌ಗೆ ಅದು ‘ಬಿಎಸ್‌ಎನ್‌ಎಲ್‌ನೆಟ್’. 4ಜಿ ಡಾಂಗಲ್‌ಗಳಲ್ಲಿ ಹಲವು ಕ್ಯೂಎಂಐ ಎಂಬ ಬೇರೆ ಕ್ರಮವನ್ನು ಅನುಸರಿಸುತ್ತವೆ. ಅವಕ್ಕೆ ಬೇರೆ ಡ್ರೈವರ್ ಬೇಕು. ರೂಟರಿಗೆ ಅಂತರ್ಜಾಲ ಬಂದು ಕಚೇರಿಯ ಯಂತ್ರಗಳಿಗೆ ಬಾರದಿದ್ದರೆ, ಹೊಸ ಸಂಪರ್ಕವನ್ನು ಫೈರ್‌ವಾಲ್‌ನ ‘ವ್ಯಾನ್’ ವಲಯಕ್ಕೆ ಸೇರಿಸಲು ಮರೆತಿರುವ ಸಂಭವ ಹೆಚ್ಚು.

ಕೆಲಹೊತ್ತು ನಡೆದು ಮತ್ತೆ ಮತ್ತೆ ಕಡಿಯುವ ದೋಷಕ್ಕೆ ಕಾರಣ ಅನೇಕ ವೇಳೆ ವಿದ್ಯುತ್ತು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ ಪ್ರಮಾಣ 500 ಮಿಲಿಆಂಪಿಯರ್ ಮಾತ್ರ. ಸಿಗ್ನಲ್ ಕ್ಷೀಣವಿರುವ ಊರಿನಲ್ಲಿ ಡಾಂಗಲ್ ಹೆಚ್ಚು ಬಲದಿಂದ ಪ್ರಸಾರ ಮಾಡಬೇಕಾಗಿ ಅದಕ್ಕಿಂತ ಹೆಚ್ಚು ಎಳೆಯಬಹುದು. ಆಗ ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸುವುದು ಸೂಕ್ತ. ಹೊಸ ರೂಟರ್ ಖರೀದಿಗಿಂತ ಅದು ಎಷ್ಟೋ ಅಗ್ಗ.

ಸಿಮ್ ವಿಷಯದಲ್ಲಿ ಎರಡು ಮಾತು. ಜಿಯೋ ಜಾಲದಲ್ಲಿ 3ಜಿ ಇಲ್ಲವೇ ಇಲ್ಲ. ಹಳೆಯ 3ಜಿ ಡಾಂಗಲಿಗೆ ಅದರ ಸಿಮ್ ಹಾಕಿ ಗಂಟೆಗಟ್ಟಲೆ ಹೆಣಗುವುದು ವ್ಯರ್ಥ. ಸಿಮ್ ಪಂಚಾಯಿತಿಯ ಹೆಸರಿನಲ್ಲಿಯೇ ಇರಬೇಕು. ಡೇಟಾ ಎಂಟ್ರಿ ಆಪರೇಟರರ ಸ್ವಂತ ಸಿಮ್ ಆಗಿದ್ದರೆ, ಅವರು ಕೆಲಸ ಬಿಟ್ಟ ದಿನ ಸಂಪರ್ಕವೂ ಹೋಗುತ್ತದೆ. ರೀಚಾರ್ಜಿನ ವೆಚ್ಚಕ್ಕೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸುವುದೂ ಕಷ್ಟ.

ಕೊನೆಯದಾಗಿ, ಫೈಬರ್ ದೂರದಲ್ಲೆಲ್ಲೋ ಕಡಿದಾಗಲೂ ಕಚೇರಿಯ ಪೆಟ್ಟಿಗೆಗೂ ರೂಟರಿಗೂ ನಡುವಿನ ತಂತಿಯ ದೀಪ ಉರಿಯುತ್ತಲೇ ಇರುತ್ತದೆ. ರೂಟರ್ ಅದನ್ನೇ ನಂಬಿ ಡಾಂಗಲಿನತ್ತ ತಿರುಗುವುದಿಲ್ಲ. ಹೊರಗಿನ ವಿಳಾಸಗಳನ್ನು ಆಗಾಗ ಪರೀಕ್ಷಿಸಿ, ಉತ್ತರ ಬಾರದಿದ್ದರೆ ಮಾರ್ಗ ಬದಲಿಸುವ ‘ಎಂವ್ಯಾನ್3’ ತಂತ್ರಾಂಶವನ್ನು ಇದಕ್ಕಾಗಿ ಅಳವಡಿಸಬೇಕು. ಬಿಲ್ ಅಂಗೀಕರಿಸುವ ಮುನ್ನ, ಕೆಲಸ ಕಡಿಮೆಯಿರುವ ಒಂದು ಮಧ್ಯಾಹ್ನ, ಸದಸ್ಯರ ಸಮ್ಮುಖದಲ್ಲಿ ರೂಟರಿನ ತಂತಿಯನ್ನು ಹಾಗೆಯೇ ಬಿಟ್ಟು ಪೆಟ್ಟಿಗೆಯಿಂದ ಫೈಬರ್ ಎಳೆಯನ್ನು ಮಾತ್ರ ಬಿಡಿಸಿ, ಇ-ಸ್ವತ್ತು ಪುಟ ಎಷ್ಟು ನಿಮಿಷದಲ್ಲಿ ಮತ್ತೆ ತೆರೆಯುವುದೆಂದು ನೋಡತಕ್ಕದ್ದು.